ಕನ್ನಡ ತರಗತಿಯಲ್ಲಿ ಕಾನೂನು ಬೋಧನೆ: ಗಡಿಭಾಗದ ಶಿಕ್ಷಕರಿಗೆ ಕೆಲವು ವಿಚಾರಗಳು

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಬಾಲಗಾಂವದಂತಹ ಊರುಗಳಲ್ಲಿ ಮನೆಯ ಮಾತು ಕನ್ನಡ, ಶಾಲೆಯ ಮಾಧ್ಯಮ ಕನ್ನಡ. ಆದರೆ ಹೊಲದ ಸಾತಬಾರಾ ಉತಾರ, ಗ್ರಾಮಸೇವಕರು ಕೊಡುವ ಜನ್ಮದ ದಾಖಲೆ, ಪೊಲೀಸ್ ಠಾಣೆಯಲ್ಲಿ ಬರೆದುಕೊಳ್ಳುವ ಹೇಳಿಕೆ, ತಾಲೂಕಾ ನ್ಯಾಯಾಲಯದಿಂದ ಬರುವ ನೋಟೀಸು ಇವೆಲ್ಲ ಮರಾಠಿಯಲ್ಲಿರುತ್ತವೆ. ವ್ಯಾಜ್ಯವು ಉಚ್ಚ ನ್ಯಾಯಾಲಯಕ್ಕೆ ಹೋದರೆ ತೀರ್ಪು ಇಂಗ್ಲಿಷಿನಲ್ಲಿ ಬರುತ್ತದೆ. ಹೀಗೆ ನಮ್ಮ ವಿದ್ಯಾರ್ಥಿಯು ಕಾನೂನನ್ನು ಒಂದು ಭಾಷೆಯಲ್ಲಿ ಓದಿ, ಇನ್ನೊಂದು ಭಾಷೆಯಲ್ಲಿ ಎದುರಿಸಬೇಕಾಗಿದೆ. ಈ ಅಂತರವನ್ನು ಕಡಿಮೆ ಮಾಡಬಲ್ಲ ವ್ಯಕ್ತಿ ಊರಿನಲ್ಲಿ ಹೆಚ್ಚಿನ ಸಂದರ್ಭಗಳಲ್ಲಿ ಒಬ್ಬನೇ ಇರುತ್ತಾನೆ. ಅವನು ಕನ್ನಡ ಶಾಲೆಯ ಶಿಕ್ಷಕ.

ಬಾಲಭಾರತಿಯು ಪ್ರಕಟಿಸಿರುವ ಪಠ್ಯಪುಸ್ತಕಗಳಲ್ಲಿ ಆರನೆಯ ಇಯತ್ತೆಗೆ ಸ್ಥಾನಿಕ ಸ್ವರಾಜ್ಯ ಸಂಸ್ಥೆಗಳು, ಏಳನೆಯದಕ್ಕೆ ಸಂವಿಧಾನ ಮತ್ತು ಮೂಲಭೂತ ಹಕ್ಕುಗಳು, ಎಂಟನೆಯದಕ್ಕೆ ಭಾರತದ ನ್ಯಾಯ ವ್ಯವಸ್ಥೆ ಎಂಬ ಕ್ರಮದಲ್ಲಿ ನಾಗರಿಕ ಶಾಸ್ತ್ರದ ಪಾಠಗಳಿವೆ. ಈ ಪಾಠಗಳನ್ನು ಪರೀಕ್ಷೆಗೆ ಬೇಕಾದಷ್ಟು ಹೇಳಿ ಮುಂದೆ ಸಾಗುವುದು ರೂಢಿಯಾಗಿದೆ. ಅವನ್ನು ಬದುಕಿಗೆ ಬೇಕಾದಷ್ಟು ಹೇಳುವುದು ಹೇಗೆ, ಅದಕ್ಕೆ ಶಿಕ್ಷಕನು ಮೊದಲು ಏನನ್ನು ತಿಳಿದಿರಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

1. ನ್ಯಾಯಾಲಯಗಳ ಮೆಟ್ಟಿಲು

ನ್ಯಾಯ ವ್ಯವಸ್ಥೆಯ ರಚನೆಯನ್ನು ದೆಹಲಿಯಿಂದ ಕೆಳಗೆ ಇಳಿಸುತ್ತ ಹೇಳುವುದಕ್ಕಿಂತ ಊರಿನಿಂದ ಮೇಲಕ್ಕೆ ಏರಿಸುತ್ತ ಹೇಳುವುದು ಸುಲಭ. ಮೊದಲ ಮೆಟ್ಟಿಲು ಜತ್ತದಲ್ಲಿದೆ. ಅಲ್ಲಿಯ ನ್ಯಾಯಾಲಯದಲ್ಲಿ ಆಸ್ತಿ, ಸಾಲ, ಕರಾರು ಮುಂತಾದ ದಿವಾಣಿ ದಾವೆಗಳೂ, ದಂಡಾಧಿಕಾರಿಗಳ ಮುಂದೆ ನಡೆಯುವ ಫೌಜದಾರಿ ಖಟ್ಲೆಗಳೂ ವಿಚಾರಣೆಯಾಗುತ್ತವೆ. ಎರಡನೆಯ ಮೆಟ್ಟಿಲು ಸಾಂಗಲಿಯ ಜಿಲ್ಲಾ ಮತ್ತು ಸತ್ರ ನ್ಯಾಯಾಲಯ. ಮೂರನೆಯದು ಮುಂಬಯಿ ಉಚ್ಚ ನ್ಯಾಯಾಲಯ. 1862ರಲ್ಲಿ ಸ್ಥಾಪನೆಯಾದ ಈ ನ್ಯಾಯಾಲಯದ ಸಂಚಾರಿ ಪೀಠವು 2025ರ ಆಗಸ್ಟ್ 18ರಿಂದ ಕೊಲ್ಹಾಪುರದಲ್ಲಿ ಕಾರ್ಯಾರಂಭ ಮಾಡಿದೆ. ಸಾಂಗಲಿ, ಕೊಲ್ಹಾಪುರ, ಸಾತಾರಾ, ಸೋಲಾಪುರ, ರತ್ನಾಗಿರಿ, ಸಿಂಧುದುರ್ಗ ಈ ಆರು ಜಿಲ್ಲೆಗಳ ಪ್ರಕರಣಗಳು ಅದರ ವ್ಯಾಪ್ತಿಗೆ ಬರುತ್ತವೆ. ಹಿಂದೆ ಮುಂಬಯಿಗೆ ಹೋಗಬೇಕಿದ್ದ ಜತ್ತದ ರೈತನು ಈಗ ಕೊಲ್ಹಾಪುರಕ್ಕೆ ಹೋದರೆ ಸಾಕು. ಕೊನೆಯ ಮೆಟ್ಟಿಲು ದೆಹಲಿಯ ಸರ್ವೋಚ್ಚ ನ್ಯಾಯಾಲಯ.

ದಿವಾಣಿ ಮತ್ತು ಫೌಜದಾರಿ ಎಂಬ ಭೇದವು ವಿದ್ಯಾರ್ಥಿಗಳಿಗೆ ಬೇಗ ತಿಳಿಯುವುದಿಲ್ಲ. ಇದಕ್ಕೆ ಹೊಲದ ಬದುವಿನ ಉದಾಹರಣೆ ಸಾಕು. ಇಬ್ಬರು ರೈತರ ನಡುವೆ ಬದು ಎಲ್ಲಿರಬೇಕು ಎಂಬ ವಿವಾದ ಹುಟ್ಟಿದರೆ ಅದು ಹಕ್ಕಿನ ಪ್ರಶ್ನೆ. ಹಕ್ಕನ್ನು ಕೇಳುವವನು ತಾನೇ ದಾವೆ ಹೂಡಬೇಕು. ಅದೇ ಜಗಳದಲ್ಲಿ ಒಬ್ಬನು ಇನ್ನೊಬ್ಬನ ತಲೆಗೆ ಬಡಿಗೆಯಿಂದ ಹೊಡೆದರೆ ಅದು ಅಪರಾಧ. ಆಗ ಪೊಲೀಸರು ತನಿಖೆ ಮಾಡುತ್ತಾರೆ, ಖಟ್ಲೆಯನ್ನು ಸರಕಾರವೇ ನಡೆಸುತ್ತದೆ. ಬದುವಿನ ಪ್ರಶ್ನೆಯಲ್ಲಿ ಸೋತವನು ಜಾಗ ಬಿಟ್ಟುಕೊಡಬೇಕು; ಹೊಡೆತದ ಪ್ರಶ್ನೆಯಲ್ಲಿ ತಪ್ಪಿತಸ್ಥನಾದವನು ಶಿಕ್ಷೆ ಅನುಭವಿಸಬೇಕು. ಇನ್ನು ಹೊಲಕ್ಕೆ ಹೋಗುವ ದಾರಿಯನ್ನೋ ನೀರಿನ ಕಾಲುವೆಯನ್ನೋ ಯಾರಾದರೂ ಅಡ್ಡಗಟ್ಟಿದರೆ 1906ರ ಮಾಮಲೇದಾರ ನ್ಯಾಯಾಲಯಗಳ ಕಾಯಿದೆಯಂತೆ ತಹಶೀಲದಾರರ ಮುಂದೆಯೇ ದಾವೆ ಹೂಡಬಹುದು. ಒಂದೇ ಹೊಲಕ್ಕೆ ಮೂರು ಬಾಗಿಲುಗಳಿವೆ, ಯಾವ ಪ್ರಶ್ನೆಗೆ ಯಾವ ಬಾಗಿಲು ಎಂಬುದನ್ನು ಅರಿಯುವುದೇ ಕಾನೂನಿನ ಮೊದಲ ಪಾಠ.

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮದ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿವೆ. ಹಳೆಯ ಕಲಮುಗಳ ಸಂಖ್ಯೆಯನ್ನು ಬಾಯಿಪಾಠ ಮಾಡಿದ ಶಿಕ್ಷಕರು ಇದನ್ನು ಗಮನಿಸಬೇಕು. ತಳಹದಿಯ ತತ್ತ್ವಗಳು ಮಾತ್ರ ಮುಂದುವರಿದಿವೆ. ಬಂಧಿತನನ್ನು 24 ಗಂಟೆಗಳೊಳಗೆ ದಂಡಾಧಿಕಾರಿಯ ಮುಂದೆ ಹಾಜರುಪಡಿಸಬೇಕು. ಹದಿನೈದು ವರ್ಷದೊಳಗಿನ ಬಾಲಕನನ್ನೂ ಯಾವ ಮಹಿಳೆಯನ್ನೂ ಸಾಕ್ಷಿ ಹೇಳಲೆಂದು ಠಾಣೆಗೆ ಕರೆಸುವಂತಿಲ್ಲ, ಅವರಿರುವಲ್ಲಿಗೇ ಹೋಗಿ ವಿಚಾರಿಸಬೇಕು. ಪ್ರಥಮ ವರ್ತಮಾನ ವರದಿಯನ್ನು ದೂರುದಾರನಿಗೆ ಓದಿ ಹೇಳಬೇಕು, ಅದರ ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ಘಟನೆಯು ತಮ್ಮ ಠಾಣೆಯ ಹದ್ದಿನಲ್ಲಿ ನಡೆದಿಲ್ಲವೆಂಬ ಕಾರಣಕ್ಕೆ ಗಂಭೀರ ಅಪರಾಧದ ದೂರನ್ನು ನಿರಾಕರಿಸುವಂತಿಲ್ಲ. ರಾಜ್ಯದ ಗಡಿಯಲ್ಲಿ ವಾಸಿಸುವವರಿಗೆ ಈ ಕೊನೆಯ ನಿಯಮದ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

2. ಭಾಷಾ ಅಲ್ಪಸಂಖ್ಯಾತರೆಂದರೆ ಯಾರು?

ಬಾಲಗಾಂವದ ವಿದ್ಯಾರ್ಥಿಯು ವಿಜಯಪುರ ಜಿಲ್ಲೆಯ ಸೋದರಮಾವನ ಊರಿಗೆ ಹೋದರೆ ಬಹುಸಂಖ್ಯಾತ, ತನ್ನ ಊರಿಗೆ ಮರಳಿದರೆ ಅಲ್ಪಸಂಖ್ಯಾತ. ಇದು ಹೇಗೆಂದು ಅವನು ಕೇಳುವುದು ಸಹಜ. ಮಣಿಪಾಲದ ಟಿ. ಎಂ. ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಮೂರ್ತಿಗಳ ಪೀಠವು 2002ರಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನು ಘಟಕವಾಗಿಟ್ಟುಕೊಂಡು ನಿರ್ಧರಿಸಬೇಕು ಎಂಬುದು ಅದರ ಸಾರ.

ಸಂವಿಧಾನದ 29 ಮತ್ತು 30ನೆಯ ಅನುಚ್ಛೇದಗಳು ಭಾಷೆಯನ್ನು ಉಳಿಸಿಕೊಳ್ಳುವ ಹಕ್ಕನ್ನೂ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನೂ ಕೊಟ್ಟಿವೆ. ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿ ಏಳನೆಯ ತಿದ್ದುಪಡಿಯ ಮೂಲಕ 350ಎ ಮತ್ತು 350ಬಿ ಅನುಚ್ಛೇದಗಳು ಸೇರಿದವು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯವೂ ಸ್ಥಾನಿಕ ಸಂಸ್ಥೆಗಳೂ ಪ್ರಯತ್ನಿಸಬೇಕು ಎನ್ನುತ್ತದೆ ಮೊದಲನೆಯದು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯು ಯಾರದೋ ಔದಾರ್ಯದಿಂದ ನಡೆಯುತ್ತಿರುವುದಲ್ಲ, ಅದರ ಹಿಂದೆ ಈ ಅನುಚ್ಛೇದವಿದೆ. ಇನ್ನು 350ನೆಯ ಅನುಚ್ಛೇದವು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ತನ್ನ ಕುಂದುಕೊರತೆಯ ಮನವಿಯನ್ನು ಅಧಿಕಾರಿಗಳಿಗೆ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಡುತ್ತದೆ.

ಹಕ್ಕುಗಳಿಗೆ ಮಿತಿಯೂ ಇದೆ, ಅದನ್ನು ಮುಚ್ಚಿಡಬಾರದು. ಮಹಾರಾಷ್ಟ್ರದ ಗುಜರಾತಿ ಶಾಲೆಗಳವರು ಮರಾಠಿ ಕಡ್ಡಾಯವನ್ನು ಪ್ರಶ್ನಿಸಿದಾಗ, 2004ರ ಉಷಾ ಮೆಹತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜ್ಯದ ನೀತಿಯನ್ನೇ ಎತ್ತಿಹಿಡಿಯಿತು. ರಾಜ್ಯದ ಭಾಷೆಯನ್ನು ಕಲಿಯುವುದು ಅಲ್ಪಸಂಖ್ಯಾತರ ಹಕ್ಕಿಗೆ ವಿರುದ್ಧವಲ್ಲ. ಅದರಂತೆ ಕರ್ನಾಟಕ ಸರಕಾರದ ಪ್ರಕರಣದಲ್ಲಿ 2014ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು ಮಾತೃಭಾಷಾ ಮಾಧ್ಯಮವನ್ನು ಸರಕಾರ ಬಲವಂತವಾಗಿ ಹೇರುವಂತಿಲ್ಲ, ಮಾಧ್ಯಮದ ಆಯ್ಕೆ ಪಾಲಕರದು ಎಂದಿತು. ಇವೆರಡನ್ನೂ ಕೂಡಿಸಿ ನೋಡಿದರೆ ನಮ್ಮ ಸ್ಥಿತಿ ಸ್ಪಷ್ಟವಾಗುತ್ತದೆ. ಕನ್ನಡ ಮಾಧ್ಯಮವನ್ನು ಕೇಳುವ ಪಾಲಕರಿರುವವರೆಗೆ 350ಎ ನಮ್ಮ ಬೆನ್ನಿಗಿದೆ. ಕೇಳುವವರೇ ಇಲ್ಲವಾದರೆ ಯಾವ ಅನುಚ್ಛೇದವೂ ಶಾಲೆಯ ಬಾಗಿಲನ್ನು ತೆರೆದಿಡಲಾರದು. ಆದ್ದರಿಂದ ಕನ್ನಡ ಶಾಲೆಯಲ್ಲಿ ಓದಿದ ಬಾಲಕನು ಮರಾಠಿಯಲ್ಲೂ ತನ್ನ ವ್ಯವಹಾರವನ್ನು ನಿರ್ವಹಿಸಬಲ್ಲ ಎಂಬ ಭರವಸೆಯನ್ನು ಪಾಲಕರಲ್ಲಿ ಮೂಡಿಸುವುದು ಶಾಲೆಯ ಉಳಿವಿನ ಪ್ರಶ್ನೆಯೂ ಆಗಿದೆ.

ತನಗೆ ಬಾರದ ಭಾಷೆಯಲ್ಲಿ ಕಾನೂನನ್ನು ಎದುರಿಸುವವನಿಗೆ ರಕ್ಷಣೆ ಇಲ್ಲವೇ? ಇದೆ. 1962ರಲ್ಲಿ ತೀರ್ಮಾನವಾದ ಹರಿಕಿಸನ್ ವಿರುದ್ಧ ಮಹಾರಾಷ್ಟ್ರ ರಾಜ್ಯ ಎಂಬ ಪ್ರಕರಣವನ್ನು ತರಗತಿಯಲ್ಲಿ ಕಥೆಯಂತೆ ಹೇಳಬಹುದು. ಪ್ರತಿಬಂಧಕ ಬಂಧನಕ್ಕೆ ಒಳಗಾದ ಒಬ್ಬನಿಗೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಡಲಾಗಿತ್ತು. ತನಗೆ ಇಂಗ್ಲಿಷ್ ಬಾರದು, ಹಿಂದಿಯಲ್ಲಿ ಕೊಡಿರೆಂದು ಅವನು ಬೇಡಿದ. ಅಧಿಕಾರಿಗಳು ಒಪ್ಪಲಿಲ್ಲ. ಕಾರಣಗಳನ್ನು ತಿಳಿಸುವುದೆಂದರೆ ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸುವುದು ಎಂದು ಹೇಳಿದ ಸರ್ವೋಚ್ಚ ನ್ಯಾಯಾಲಯವು ಅವನನ್ನು ಬಿಡುಗಡೆಗೊಳಿಸಿತು. ಫೌಜದಾರಿ ವಿಚಾರಣೆಯಲ್ಲಿಯೂ ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ತೆರೆದ ನ್ಯಾಯಾಲಯದಲ್ಲಿಯೇ ವಿವರಿಸಬೇಕೆಂಬ ನಿಯಮವಿದೆ. ‘ನನಗೆ ತಿಳಿಯಲಿಲ್ಲ, ಕನ್ನಡದಲ್ಲಿ ಹೇಳಿರಿ’ ಎಂದು ಕೇಳುವುದು ಅಜ್ಞಾನದ ಪ್ರದರ್ಶನವಲ್ಲ, ಹಕ್ಕಿನ ಚಲಾವಣೆ. ಈ ಒಂದು ವಾಕ್ಯವನ್ನು ಅಳುಕಿಲ್ಲದೆ ಹೇಳಲು ವಿದ್ಯಾರ್ಥಿ ಕಲಿತರೆ ಪಾಠ ಸಾರ್ಥಕವಾಯಿತು.

3. ಶಿಕ್ಷಕನ ಮೇಲಿರುವ ಕಾನೂನಿನ ಹೊಣೆ

ಕಾನೂನನ್ನು ಕಲಿಸುವವನು ತನ್ನನ್ನು ಕಟ್ಟಿರುವ ಕಾನೂನನ್ನು ಮೊದಲು ಅರಿತಿರಬೇಕು. ನಾಲ್ಕು ಕಾಯಿದೆಗಳು ಮುಖ್ಯವಾದವು.

ಮೊದಲನೆಯದು, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಅಧಿನಿಯಮ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡೂ ನಿಷಿದ್ಧ. ಬೋಧನೆಯ ಮಾಧ್ಯಮವು ಸಾಧ್ಯವಿದ್ದಷ್ಟು ಮಗುವಿನ ಮಾತೃಭಾಷೆಯಾಗಿರಬೇಕೆಂದೂ ಅದು ಹೇಳುತ್ತದೆ. ಜತ್ತ ತಾಲೂಕಿನಿಂದ ಕಬ್ಬು ಕಡಿಯಲು ಸಕ್ಕರೆ ಕಾರಖಾನೆಗಳ ಕಡೆಗೆ ಹೋಗುವ ಕುಟುಂಬಗಳ ಮಕ್ಕಳಿಗೆ ಇದರ 5ನೆಯ ಕಲಮು ಅನ್ವಯಿಸುತ್ತದೆ. ವರ್ಗಾವಣೆ ದಾಖಲೆಯನ್ನು ಕೂಡಲೇ ಕೊಡಬೇಕು, ಅದು ತಡವಾಯಿತೆಂದು ಹೊಸ ಶಾಲೆಯವರು ಪ್ರವೇಶವನ್ನು ತಡೆಯಬಾರದು. ಆದರೆ ಹೋದಲ್ಲಿ ಕನ್ನಡ ಶಾಲೆ ಇರುವುದಿಲ್ಲ. ಕೆಲವು ತಿಂಗಳು ಮರಾಠಿ ತರಗತಿಯಲ್ಲಿ ಮೂಕನಾಗಿ ಕುಳಿತು ಬಂದ ಬಾಲಕನು ಮರಳಿ ಶಾಲೆಗೆ ಬರುವುದನ್ನೇ ಬಿಡುವ ಅಪಾಯವಿದೆ. ಆದ್ದರಿಂದ ದಾಖಲೆ ಕೊಟ್ಟು ಕಳುಹಿಸುವ ಮುನ್ನ, ಮಗುವನ್ನು ಅಜ್ಜ ಅಜ್ಜಿಯರ ಬಳಿ ಉಳಿಸಿ ಹಂಗಾಮಿ ವಸತಿಗೃಹ ಯೋಜನೆಯ ಲಾಭ ಪಡೆಯಲು ಸಾಧ್ಯವೇ ಎಂಬುದನ್ನು ಶಾಲಾ ವ್ಯವಸ್ಥಾಪನ ಸಮಿತಿಯ ಸಭೆಯಲ್ಲಿ ಪಾಲಕರೊಂದಿಗೆ ಚರ್ಚಿಸಬೇಕು. ಆ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪಾಲಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂಬುದೂ ಇದೇ ಅಧಿನಿಯಮದ ನಿಯಮ.

ಎರಡನೆಯದು, 2006ರ ಬಾಲ್ಯವಿವಾಹ ನಿಷೇಧ ಅಧಿನಿಯಮ. ಹೆಣ್ಣಿಗೆ 18, ಗಂಡಿಗೆ 21 ವರ್ಷ ತುಂಬಿರಬೇಕು. ಮದುವೆ ಮಾಡಿಸಿದವರಿಗೆ, ಪ್ರೋತ್ಸಾಹಿಸಿದವರಿಗೆ, ತಡೆಯದ ಪಾಲಕರಿಗೆ ಎರಡು ವರ್ಷಗಳವರೆಗೆ ಕಠಿಣ ಕಾರಾಗೃಹ ವಾಸವನ್ನೂ ಒಂದು ಲಕ್ಷ ರೂಪಾಯಿಯವರೆಗೆ ದಂಡವನ್ನೂ ವಿಧಿಸಬಹುದು. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಗ್ರಾಮಸೇವಕರೇ ಬಾಲ್ಯವಿವಾಹ ಪ್ರತಿಬಂಧಕ ಅಧಿಕಾರಿಗಳು. ನಡೆಯಲಿರುವ ಮದುವೆಯನ್ನು ತಡೆಯುವ ಆಜ್ಞೆಯನ್ನು ದಂಡಾಧಿಕಾರಿಗಳಿಂದ ಪಡೆಯಬಹುದು. ಎಂಟನೆಯ ಇಯತ್ತೆ ಮುಗಿಸಿದ ಬಾಲಕಿಯು ಬೇಸಿಗೆ ಸೂಟಿಯ ನಂತರ ಬಾರದಿದ್ದರೆ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಬರೆದು ಕೂಡುವುದು ಸಾಲದು. ವಿಚಾರಿಸಬೇಕು.

ಮೂರನೆಯದು, ಬಾಲ ಮತ್ತು ಕಿಶೋರ ಕಾರ್ಮಿಕ ಅಧಿನಿಯಮ. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನವರನ್ನು ಯಾವ ಉದ್ಯೋಗದಲ್ಲಿಯೂ, 18 ವರ್ಷದೊಳಗಿನವರನ್ನು ಅಪಾಯಕಾರಿ ಕೆಲಸಗಳಲ್ಲಿಯೂ ತೊಡಗಿಸುವಂತಿಲ್ಲ. ಶಾಲೆಯ ಸಮಯ ಮುಗಿದ ಮೇಲೆ ಅಥವಾ ಸೂಟಿಯಲ್ಲಿ ಸ್ವಂತ ಮನೆತನದ ಕೆಲಸಕ್ಕೆ ನೆರವಾಗುವುದಕ್ಕೆ ವಿನಾಯಿತಿಯಿದೆ. ದನಕ್ಕೆ ಮೇವು ಹಾಕಿ ಶಾಲೆಗೆ ಬರುವ ಬಾಲಕನಿಗೂ ಶಾಲೆ ಬಿಟ್ಟು ಕೂಲಿಗೆ ಹೋಗುವ ಬಾಲಕನಿಗೂ ಇರುವ ವ್ಯತ್ಯಾಸವನ್ನು ತರಗತಿಯಲ್ಲಿ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ಮೊದಲಿನವನು ತನ್ನ ತಂದೆ ಅಪರಾಧಿಯೆಂದು ಭಾವಿಸಿಯಾನು.

ನಾಲ್ಕನೆಯದು ಅತ್ಯಂತ ಸೂಕ್ಷ್ಮವಾದುದು. 2012ರ ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಅಧಿನಿಯಮವು ಪೋಕ್ಸೊ ಎಂದೇ ಪರಿಚಿತವಾಗಿದೆ. ಇಂಥ ಅಪರಾಧ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ ಅದರ 19ನೆಯ ಕಲಮು. ತಿಳಿಸದೆ ಇದ್ದರೆ ಆರು ತಿಂಗಳವರೆಗೆ ಕಾರಾಗೃಹ ವಾಸ ವಿಧಿಸಬಹುದು. ಸಂಸ್ಥೆಯ ಮುಖ್ಯಸ್ಥನು ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟರೆ ಅದು ಒಂದು ವರ್ಷದವರೆಗೆ ಏರುತ್ತದೆ. ಸದುದ್ದೇಶದಿಂದ ತಿಳಿಸಿದವನ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ನಮಗೆ ವಿಶೇಷವಾಗಿ ಮುಖ್ಯವಾದ ಮಾತೊಂದು ಇದೇ ಕಲಮಿನಲ್ಲಿದೆ. ಮಗುವಿಗೆ ತಿಳಿಯದ ಭಾಷೆಯಲ್ಲಿ ಹೇಳಿಕೆಯನ್ನು ಬರೆದುಕೊಳ್ಳುವುದಾದರೆ ಅನುವಾದಕರನ್ನು ಅಥವಾ ದುಭಾಷಿಯನ್ನು ಒದಗಿಸಬೇಕು. ಉಮದಿಯಲ್ಲಾಗಲಿ ಜತ್ತದಲ್ಲಾಗಲಿ ಕನ್ನಡ ಮಾತ್ರ ಬಲ್ಲ ಬಾಲಕಿಯ ಮಾತನ್ನು ಮರಾಠಿಯಲ್ಲಿ ಬರೆದುಕೊಳ್ಳುವಾಗ ಈ ಸೌಲಭ್ಯವನ್ನು ಕೇಳಬೇಕೆಂಬುದು ಶಿಕ್ಷಕನಿಗೆ ನೆನಪಿರಬೇಕು. ಒಂದು ಪದದ ತಪ್ಪು ಅನುವಾದದಿಂದ ಇಡೀ ಪ್ರಕರಣ ಬಿದ್ದುಹೋದೀತು. ಮಗುವು ಹೇಳಿದ್ದನ್ನು ಶಾಂತವಾಗಿ ಕೇಳಬೇಕು, ಮತ್ತೆ ಮತ್ತೆ ಕೆದಕಿ ಕೇಳಬಾರದು, ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬಾರದು. ಊರ ಹಿರಿಯರನ್ನು ಕೂಡಿಸಿ ರಾಜಿ ಮಾಡಿಸುವುದಂತೂ ಸಲ್ಲದು. ಮಗುವಿನ ಹೆಸರನ್ನು ಎಲ್ಲಿಯೂ ಬಹಿರಂಗಪಡಿಸಬಾರದು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098 ಪ್ರತಿ ತರಗತಿಯ ಗೋಡೆಯ ಮೇಲಿರಲಿ.

4. ಪದಗಳ ಪಾಠ

ಕನ್ನಡ ಮತ್ತು ಮರಾಠಿಗಳಲ್ಲಿ ಕಾನೂನಿನ ಅನೇಕ ಪದಗಳು ಸಮಾನವಾಗಿವೆ. ವಕೀಲ, ಜಾಮೀನು, ಪಂಚನಾಮೆ, ಆರೋಪಿ, ಕಲಮು, ಹಕ್ಕು, ಅರ್ಜಿ ಇವು ಸ್ವಲ್ಪ ಉಚ್ಚಾರ ಭೇದದಿಂದ ಎರಡರಲ್ಲಿಯೂ ಇವೆ. ಇದು ನಮಗೆ ಅನುಕೂಲ. ಆದರೆ ರೂಪ ಒಂದೇ ಇದ್ದು ಅರ್ಥ ಬೇರೆಯಾದ ಪದಗಳು ಮೋಸಗೊಳಿಸುತ್ತವೆ. ಮರಾಠಿಯ ‘ತಕ್ರಾರ’ ಎಂದರೆ ದೂರು; ಕನ್ನಡದ ‘ತಕರಾರು’ ಎಂದರೆ ಆಕ್ಷೇಪ, ಜಗಳ. ‘ತಕ್ರಾರ ಅರ್ಜ’ ಎಂಬುದನ್ನು ಓದಿದ ಕನ್ನಡಿಗನು ತಾನು ಜಗಳ ತೆಗೆದಂತಾಯಿತೆಂದು ಹಿಂಜರಿದರೆ ಆಶ್ಚರ್ಯವಿಲ್ಲ. ಮರಾಠಿಯ ‘ದಾಖಲಾ’ ಎಂದರೆ ಪ್ರಮಾಣಪತ್ರ. ಕನ್ನಡದ ‘ದಾಖಲೆ’ ಎಂದರೆ ಯಾವುದೇ ಲಿಖಿತ ಆಧಾರ. ‘ಕಾಯದಾ’ ಎಂದರೆ ಮರಾಠಿಯಲ್ಲಿ ಒಟ್ಟಾರೆ ಕಾನೂನು ಕೂಡ ಹೌದು. ಕನ್ನಡದ ‘ಕಾಯಿದೆ’ ಹೆಚ್ಚಾಗಿ ಒಂದು ನಿರ್ದಿಷ್ಟ ಶಾಸನ. ‘ದಖಲಪಾತ್ರ ಗುನ್ಹಾ’ ಎಂಬುದನ್ನು ಕನ್ನಡದಲ್ಲಿ ಸಂಜ್ಞೇಯ ಅಪರಾಧ ಎನ್ನುತ್ತೇವೆ. ಎಂದರೆ ಪೊಲೀಸರು ದಂಡಾಧಿಕಾರಿಯ ಅಪ್ಪಣೆಗಾಗಿ ಕಾಯದೆ ತನಿಖೆ ಮಾಡಬಹುದಾದ ಅಪರಾಧ.

‘ಹಕ್ಕಸೋಡ ಪತ್ರ’ ಎಂಬ ಪದವನ್ನು ಹೆಣ್ಣುಮಕ್ಕಳಿಗೆ ತಪ್ಪದೆ ಕಲಿಸಬೇಕು. ಅದು ಆಸ್ತಿಯಲ್ಲಿಯ ತನ್ನ ಪಾಲನ್ನು ಬಿಟ್ಟುಕೊಡುವ ಪತ್ರ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು ಮಗನಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕಿದೆ ಎಂದಿತ್ತು. ಕನ್ನಡ ನೆಲದಲ್ಲಿ ಹುಟ್ಟಿದ ಆ ಗ್ರಂಥವು ಭಾರತದ ಬಹುಭಾಗದಲ್ಲಿ ಶತಮಾನಗಳ ಕಾಲ ಪ್ರಮಾಣವಾಗಿತ್ತು. ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ 2005ರಲ್ಲಿ ಆದ ತಿದ್ದುಪಡಿಯು ಅದೇ ಜನ್ಮಸಿದ್ಧ ಹಕ್ಕನ್ನು ಮಗಳಿಗೂ ಕೊಟ್ಟಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು, ತಿದ್ದುಪಡಿಯ ದಿನದಂದು ತಂದೆ ಬದುಕಿರಬೇಕೆಂಬ ಷರತ್ತಿಲ್ಲವೆಂದು ಸ್ಪಷ್ಟಪಡಿಸಿತು. ಪಾಲನ್ನು ಪಡೆಯುವುದೂ ಬಿಡುವುದೂ ಅವಳ ಇಚ್ಛೆ. ಆದರೆ ಏನನ್ನು ಬಿಡುತ್ತಿದ್ದೇನೆಂದು ತಿಳಿಯದೆ ಪರಭಾಷೆಯ ಕಾಗದಕ್ಕೆ ಸಹಿ ಹಾಕುವ ಸ್ಥಿತಿ ನಮ್ಮ ಶಾಲೆಯಲ್ಲಿ ಓದಿದವಳಿಗೆ ಬರಬಾರದು.

ಪ್ರತಿ ಪಾಠದ ಕೊನೆಗೆ ಐದು ಪದಗಳನ್ನು ಎರಡೂ ಭಾಷೆಗಳಲ್ಲಿ ಫಲಕದ ಮೇಲೆ ಬರೆದು, ವರ್ಷದ ಕೊನೆಗೆ ವಿದ್ಯಾರ್ಥಿಗಳೇ ಒಂದು ಪದಕೋಶ ಸಿದ್ಧಪಡಿಸುವಂತೆ ಮಾಡಬಹುದು.

5. ತರಗತಿಯ ಚಟುವಟಿಕೆಗಳು

ಸಾಕ್ಷ್ಯದ ಪಾಠಕ್ಕೆ ಒಂದು ಸರಳ ಪ್ರಯೋಗವಿದೆ. ಒಬ್ಬ ವಿದ್ಯಾರ್ಥಿಯು ತರಗತಿಗೆ ಬಂದು ಮೇಜಿನ ಮೇಲಿನ ಪುಸ್ತಕವನ್ನು ತೆಗೆದುಕೊಂಡು ಹೋಗಲಿ. ಅನಂತರ ಉಳಿದವರು ಕಂಡದ್ದನ್ನು ಬರೆಯಲಿ. ‘ಕದ್ದುಕೊಂಡು ಹೋದ’ ಎಂದು ಹಲವರು ಬರೆಯುತ್ತಾರೆ. ಕಂಡದ್ದು ತೆಗೆದುಕೊಂಡು ಹೋದುದನ್ನು ಮಾತ್ರ, ಕದ್ದನೆಂಬುದು ಊಹೆ. ಕಂಡದ್ದು, ಕೇಳಿದ್ದು, ಊಹಿಸಿದ್ದು ಇವುಗಳ ಭೇದವನ್ನು ಇದರಿಂದ ಮನಗಾಣಿಸಬಹುದು.

ಅಣಕು ನ್ಯಾಯಾಲಯವನ್ನು ನಡೆಸುವಾಗ ಎರಡೂ ಪಕ್ಷಗಳಿಗೆ ಸಮಾನ ಸಮಯ ಕೊಡಬೇಕು. ವಾದ ಮುಗಿದ ಮೇಲೆ ಪಾತ್ರಗಳನ್ನು ಅದಲುಬದಲು ಮಾಡಬೇಕು. ತಾನು ವಿರೋಧಿಸಿದ ಪಕ್ಷದ ಪರವಾಗಿ ಮಾತನಾಡಿದವನಿಗೆ ಮಾತ್ರ ‘ಎದುರಾಳಿಯ ಮಾತನ್ನೂ ಕೇಳಬೇಕು’ ಎಂಬ ನೈಸರ್ಗಿಕ ನ್ಯಾಯದ ತತ್ತ್ವ ತಿಳಿಯುತ್ತದೆ. ಊರಿನಲ್ಲಿ ನಡೆಯುತ್ತಿರುವ ನಿಜವಾದ ವ್ಯಾಜ್ಯವನ್ನು ಎತ್ತಿಕೊಳ್ಳಬಾರದು. ಎರಡೂ ಮನೆಗಳ ಮಕ್ಕಳು ಅದೇ ತರಗತಿಯಲ್ಲಿ ಕುಳಿತಿರುತ್ತಾರೆ.

ಒಂಬತ್ತನೆಯ, ಹತ್ತನೆಯ ಇಯತ್ತೆಯವರಿಂದ ಒಂದು ನಿಜವಾದ ಮನವಿಯನ್ನು ಬರೆಸಬಹುದು. ಕುಡಿಯುವ ನೀರಿನ ಬಗ್ಗೆಯೋ ಶಾಲೆಯ ದಾರಿಯ ಬಗ್ಗೆಯೋ ಗ್ರಾಮ ಪಂಚಾಯತಿಗೆ ಕನ್ನಡದಲ್ಲಿ ಒಂದು ಪ್ರತಿ, ಮರಾಠಿಯಲ್ಲಿ ಒಂದು ಪ್ರತಿ ಬರೆದು, ಕೊಟ್ಟ ದಿನಾಂಕದ ಪೋಚ ಪಡೆಯುವುದನ್ನು ಕಲಿಸಬೇಕು. ಪೋಚ ಇಲ್ಲದ ಅರ್ಜಿಯನ್ನು ಕೊಟ್ಟಿದ್ದೇವೆಂದು ಸಾಧಿಸಿ ತೋರಿಸುವುದು ಕಷ್ಟ.

ಗಡಿ ವಿವಾದದ ಬಗ್ಗೆ ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. ರಾಜ್ಯಗಳ ಗಡಿಯನ್ನು ಬದಲಿಸುವ ಅಧಿಕಾರ 3ನೆಯ ಅನುಚ್ಛೇದದಂತೆ ಸಂಸತ್ತಿಗಿದೆ, ರಾಜ್ಯ ರಾಜ್ಯಗಳ ನಡುವಿನ ದಾವೆಯನ್ನು 131ನೆಯ ಅನುಚ್ಛೇದದಂತೆ ಸರ್ವೋಚ್ಚ ನ್ಯಾಯಾಲಯವೇ ಕೇಳುತ್ತದೆ, ಅಂಥ ದಾವೆಯನ್ನು ಮಹಾರಾಷ್ಟ್ರವು 2004ರಲ್ಲಿ ಹೂಡಿದೆ ಎಂದಷ್ಟನ್ನು ಹೇಳಿದರೆ ಸಾಕು. ಬೀದಿಯಲ್ಲಿ ಕೂಗಿ ತೀರಿಸಲಾಗದ ಪ್ರಶ್ನೆಯನ್ನು ಕೇಳಲು ಒಂದು ಸ್ಥಳವಿದೆ ಎಂಬುದೇ ಅದರಲ್ಲಿರುವ ಪಾಠ.

6. ನೆರವಿನ ದಾರಿ

‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯು ಕೋರ್ಟು ಕಚೇರಿಗಳ ಬಗ್ಗೆ ನಮ್ಮ ಹಿರಿಯರ ಅನುಭವವನ್ನು ಹೇಳುತ್ತದೆ. ಖರ್ಚು, ವಿಳಂಬ ಇವು ಇಂದಿಗೂ ಸುಳ್ಳಲ್ಲ. ಈ ಭಯವನ್ನು ಕಡಿಮೆ ಮಾಡಲೆಂದೇ 39ಎ ಅನುಚ್ಛೇದದ ಆಧಾರದ ಮೇಲೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ ಬಂದಿತು. 1995ರ ನವೆಂಬರ್ 9ರಂದು ಅದು ಜಾರಿಗೆ ಬಂದುದರಿಂದ ಆ ದಿನವನ್ನು ಕಾನೂನು ಸೇವಾ ದಿನವಾಗಿ ಆಚರಿಸುತ್ತಾರೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಜಮಾತಿಯವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಪುಕ್ಕಟೆ ವಕೀಲರ ನೆರವಿಗೆ ಅರ್ಹರು. ಇತರರಿಗೆ ಆದಾಯದ ಮಿತಿಯಿದೆ. ತಾಲೂಕಾ ಮಟ್ಟದಲ್ಲಿ ಕಾನೂನು ಸೇವಾ ಸಮಿತಿ ನ್ಯಾಯಾಲಯದ ಆವರಣದಲ್ಲಿಯೇ ಇರುತ್ತದೆ, ಸಹಾಯವಾಣಿಯ ಸಂಖ್ಯೆ 15100. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ತುಂಬಿದ ನ್ಯಾಯಾಲಯ ಶುಲ್ಕ ಮರಳಿ ಬರುತ್ತದೆ, ಅದರ ನಿರ್ಣಯದ ಮೇಲೆ ಅಪೀಲು ಇರುವುದಿಲ್ಲ. ಆದ್ದರಿಂದ ಒಪ್ಪುವ ಮುನ್ನ ಷರತ್ತುಗಳನ್ನು ಪೂರ್ತಿಯಾಗಿ ತಿಳಿದುಕೊಳ್ಳಬೇಕು.

ನವೆಂಬರ್ 9ರಂದು ಅಥವಾ ಸಂವಿಧಾನ ದಿನವಾದ ನವೆಂಬರ್ 26ರಂದು ತಾಲೂಕಾ ಸಮಿತಿಯ ಮೂಲಕ ಕನ್ನಡ ಬಲ್ಲ ವಕೀಲರೊಬ್ಬರನ್ನು ಶಾಲೆಗೆ ಆಮಂತ್ರಿಸಬಹುದು. ಅವರ ಭಾಷಣಕ್ಕಿಂತ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಹೆಚ್ಚು ಸಮಯವಿರಲಿ, ಪಾಲಕರೂ ಹಿಂದೆ ಕುಳಿತಿರಲಿ.

ಶಿಕ್ಷಕನು ವಕೀಲನಾಗಬೇಕಾಗಿಲ್ಲ. ಊರಿನವರ ದಾವೆಗಳಲ್ಲಿ ಸಲಹೆ ಕೊಡುವುದೂ ಅವನ ಕೆಲಸವಲ್ಲ. ಯಾವ ಪ್ರಶ್ನೆಗೆ ಯಾವ ಬಾಗಿಲು, ಆ ಬಾಗಿಲಲ್ಲಿ ಯಾವ ಭಾಷೆ, ಭಾಷೆ ತಿಳಿಯದಿದ್ದರೆ ಏನು ಕೇಳಬೇಕು ಎಂಬ ಮೂರು ಸಂಗತಿಗಳನ್ನು ಹತ್ತನೆಯ ಇಯತ್ತೆ ಮುಗಿಸುವ ಪ್ರತಿ ವಿದ್ಯಾರ್ಥಿಗೆ ತಿಳಿಸಿ ಕಳುಹಿಸುವುದು ಅವನಿಂದ ಸಾಧ್ಯ. ಮುಂದಿನ ಶೈಕ್ಷಣಿಕ ವರ್ಷದ ಘಟಕ ನಿಯೋಜನೆ ತಯಾರಿಸುವಾಗ ಎಂಟನೆಯ ಇಯತ್ತೆಯ ನ್ಯಾಯ ವ್ಯವಸ್ಥೆಯ ಪಾಠಕ್ಕೆ ಎರಡು ತಾಸುಗಳನ್ನು ಹೆಚ್ಚಿಗೆ ತೆಗೆದಿರಿಸಿ, ಒಂದನ್ನು ಪದಕೋಶಕ್ಕೂ ಇನ್ನೊಂದನ್ನು ಮನವಿ ಬರೆಯುವುದಕ್ಕೂ ಮೀಸಲಿಡಬೇಕೆಂದು ಶಿಕ್ಷಕ ಬಾಂಧವರಲ್ಲಿ ವಿನಂತಿ.